ಲಿಯೋನಾಳ ಡೊಳ್ಳುಹೊಟ್ಟೆಯ ಕರುಗಳು

ತಂಗಿ ಡೆಲ್ಲಾಳ ದೊಡ್ಡಿಯ ಪಕ್ಕದ ರಸ್ತೆಯಲ್ಲಿ ಲಿಯೋನಾ ಪೊಕೋರ್ನಿಯ ಪಿಕಪ್ ಗಾಡಿ ಯಾವತ್ತೂ ಎರಡನೇ ಗೇರಿನಲ್ಲೇ ಹೋಗುತ್ತಿತ್ತು. ಉಳಿದ ಕಡೆಯೆಲ್ಲ ಧೂಳೆಬ್ಬಿಸಿಕೊಂಡು ಹಾರುವ ಗಾಡಿಗೆ ಅಲ್ಲಿಗೆ ಬಂದಾಗ ಮಾತ್ರ ಏದುಸಿರು. ಕೇಳಿದವರಿಗೆ "ಅಲ್ಲಿ ಮರಳು ಜಾಸ್ತಿ, ಚಕ್ರ ಹೂತ್ಕೊಳ್ಳುತ್ತೆ" ಎನ್ನುತ್ತಿದ್ದಳು. ನೆಬ್ರಾಸ್ಕದ ಆ ಮರಳುಗುಡ್ಡಗಳ ಸೀಮೆಯಲ್ಲಿ ಮರಳು ಎಲ್ಲ ಕಡೆಯೂ ಇತ್ತು. ಡೆಲ್ಲಾಳ ಕರುಗಳು ಮಾತ್ರ ಅದೊಂದೇ ಕಡೆ ಇದ್ದವು.

ಆ ಸೀಮೆಯಲ್ಲಿ ಕರುಗಳಿಗೆ ಹಾಲು ಬಿಡಿಸುವುದು ಅಕ್ಟೋಬರಿನಲ್ಲಿ, ಗುಡ್ಡದ ಹುಲ್ಲು ಕೆಂಪಾದ ಮೇಲೆ. ಡೆಲ್ಲಾ ಮಾತ್ರ ಹೋದ ವರ್ಷವೂ ಈ ವರ್ಷವೂ ತನ್ನ ಚೊಚ್ಚಲ ಹಸುಗಳ ಕರುಗಳನ್ನು ಜುಲೈನಲ್ಲೇ, ಮೂರು ತಿಂಗಳ ಎಳೆಗರುಗಳನ್ನು, ತಾಯಿಯಿಂದ ಬೇರ್ಪಡಿಸಿ ದೊಡ್ಡಿಗೆ ಹಾಕಿದ್ದಳು. ಬಡಕಲಾಗಿದ್ದ ಚೊಚ್ಚಲ ಹಸುಗಳು ಹಾಲಿನ ಹೊರೆ ಇಳಿದದ್ದೇ ಮೈ ತುಂಬಿಕೊಂಡು ಬೆದೆಗೆ ಬಂದು ಗಬ್ಬವಾದವು. ಅದಿರಲಿ, ಕರುಗಳಾದರೂ ಬಾಡಬೇಕಿತ್ತಲ್ಲ! ಬಾಡಲಿಲ್ಲ. ಬೆನ್ನು ಹಲಗೆಯ ಹಾಗೆ, ಮೈ ಎಣ್ಣೆ ಹಚ್ಚಿದ ಹಾಗೆ, ತೊಡೆಗಳು ಪೈಲ್ವಾನರ ಹಾಗೆ. ಅವುಗಳಲ್ಲೊಂದು ಬೇಲಿಯ ಬಳಿ ಬಂದು ಲಿಯೋನಾಳನ್ನೇ ನೋಡಿ ಮೆಲುಕು ಹಾಕಿದಾಗ, ಅದು ಮೆಲ್ಲುತ್ತಿರುವುದು ತನ್ನ ಮಾನವನ್ನೇ ಎಂದು ಅವಳಿಗೆ ಅನ್ನಿಸಿತು. ಕನ್ನಡದಲ್ಲಿ ಕರುವಿಗೂ ಕರುಬಿಗೂ ಒಂದೇ ಅಕ್ಷರದ ದೂರ. ಲಿಯೋನಾಳಿಗೆ ಕನ್ನಡ ಬಾರದು. ಆದರೂ ಆ ದೂರವನ್ನು ಅವಳು ಎರಡನೇ ಗೇರಿನಲ್ಲಿ ದಾಟಿಬಿಟ್ಟಿದ್ದಳು.

ಈ ಹೊಟ್ಟೆಯುರಿ ಕರುಗಳಿಗಿಂತ ತುಂಬ ಹಳೆಯದು. ಅಕ್ಕತಂಗಿಯರಿಬ್ಬರೂ ವಾವ್ರಾ ಮನೆತನದ ಹೆಣ್ಣುಮಕ್ಕಳು. ಮೊದಲ ಪರಮಪ್ರಸಾದದ ದಿನಕ್ಕೆಂದು ಲಿಯೋನಾಳಿಗೆ ಹೊಲಿಸಿದ ಬಿಳಿ ಮುಸುಕು ಆಮೇಲೆ ಡೆಲ್ಲಾಳ ತಲೆಗೆ ಹೋದಾಗ, ಇಡೀ ಇಗರ್ಜಿ "ಈ ಮುಸುಕು ಈ ಮಗುವಿಗೇ ಹೊಲಿಸಿದ ಹಾಗಿದೆ" ಎಂದಿತು. ಲಿಯೋನಾ ಅದನ್ನು ಮರೆಯಲಿಲ್ಲ. ಪ್ರತಿ ತಿಂಗಳ ಪಾಪನಿವೇದನೆಯಲ್ಲಿ ಕೋಪ, ಆಲಸ್ಯ, ಬೈಗುಳ ಎಲ್ಲವನ್ನೂ ಪಾದ್ರಿಯ ಕಿವಿಗೆ ಹಾಕುತ್ತಿದ್ದಳು. ಮತ್ಸರವನ್ನು ಮಾತ್ರ ಹಾಕುತ್ತಿರಲಿಲ್ಲ. ಅದು ಪಾಪವಲ್ಲ, ಕಣ್ಣಾರೆ ಕಂಡ ಸತ್ಯ ಎಂದು ಅವಳ ನಂಬಿಕೆ.

ವಸಂತದಲ್ಲಿ ಕರುಗಳಿಗೆ ಕಾದ ಕಬ್ಬಿಣದಿಂದ ಮುದ್ರೆಯೊತ್ತುವ ಹೊತ್ತಿಗೆ ಸುತ್ತಲಿನವರೆಲ್ಲ ಒಬ್ಬರ ಮನೆಗೊಬ್ಬರು ಸಹಾಯಕ್ಕೆ ಹೋಗುವುದು ವಾಡಿಕೆ. ಯಾರಿಗೆ ಯಾವ ಕೆಲಸ ಎಂದು ಹೇಳುವುದು ಮನೆಯ ಯಜಮಾನ. ಕುದುರೆಯ ಮೇಲೆ ಕೂತು ಹಗ್ಗ ಎಸೆದು ಕರು ಹಿಡಿಯುವುದು ಮರ್ಯಾದೆಯ ಕೆಲಸ. ಅದಕ್ಕೆ ಆಸೆಪಟ್ಟು ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೊಟ್ಟರೆ ತಗೋಬೇಕು. ಮುದುಕ ಇರ್ವಿನ್ ಶಾಫರ್ ಪ್ರತಿ ವರ್ಷವೂ ಟೋಪಿ ಹಿಂದೆ ಸರಿಸಿ, "ಡೆಲ್ಲಾ, ನೀನು ಹಗ್ಗ ತಗೋ. ಲಿಯೋನಾ, ನೀನು ಮದ್ದಿನ ಸೂಜಿ ಚುಚ್ಚು" ಎನ್ನುತ್ತಿದ್ದ. ಚುಚ್ಚುವುದರಲ್ಲಿ ಲಿಯೋನಾಳಿಗೆ ಸಮ ಯಾರೂ ಇಲ್ಲ ಎಂದು ಜನ ಬೆನ್ನ ಹಿಂದೆ ನಗುತ್ತಿದ್ದರು. ಅವರು ಸೂಜಿಯ ಮಾತಷ್ಟನ್ನೇ ಆಡುತ್ತಿರಲಿಲ್ಲ.

ಇಷ್ಟರ ನಡುವೆ ಲಿಯೋನಾಳ ಪಾಲಿಗೆ ಬಂದ, ಡೆಲ್ಲಾಳಿಗೆ ಸಿಗದ ಒಂದೇ ಒಂದು ಭಾಗ್ಯವೆಂದರೆ ಗಂಡ ಮಿಲೋ. ಕಡಿಮೆ ಮಾತಿನ ಮನುಷ್ಯ. ಬದುಕೆಲ್ಲ ಕಪ್ಪುಗೆಂಪು ಬಣ್ಣದ, ಸಾಧು ಸ್ವಭಾವದ ಒಂದು ಹಸುಗಳ ಸಾಲನ್ನು ಆರಿಸಿ ಆರಿಸಿ ಬೆಳೆಸಿದ. ಎಲ್ಲವೂ ಲಿಬ್ಬಿ ಎಂಬ ಒಂದೇ ಹಸುವಿನ ಸಂತಾನ. "ಇವು ನನ್ನ ಸಹಿ" ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಒಬ್ಬಳೇ ಸಂಭಾಳಿಸಲಾಗದೆ ಲಿಯೋನಾ ಹಳೆಯ ಹಸುಗಳನ್ನೆಲ್ಲ ಮಾರಿ, ಎಳೆಯ ಕಡಸುಗಳನ್ನಷ್ಟೇ ಉಳಿಸಿಕೊಂಡಳು. ಅವು ಈ ಮಾರ್ಚಿನಲ್ಲಿ ಚೊಚ್ಚಲು ಕರು ಹಾಕಿದವು. ಹಿಮಗಾಳಿಯ ಕೆಟ್ಟ ಚಳಿಗಾಲ. ಬೇಸಿಗೆ ಬಂದರೂ ತಾಯಂದಿರ ಪಕ್ಕೆಲುಬು ಎಣಿಸಬಹುದಿತ್ತು. ಹೀಗೇ ಹಾಲು ಕೊಡುತ್ತಿದ್ದರೆ ಈ ವರ್ಷ ಗಬ್ಬವಾಗುವುದಿಲ್ಲ. ಗಬ್ಬವಾಗದ ಹಸುವನ್ನು ಆ ಸೀಮೆಯಲ್ಲಿ ಯಾರೂ ಸಾಕುವುದಿಲ್ಲ. ಹಾಗಾಗಿ ಮಿಲೋನ ಸಾಲು ಉಳಿಯಬೇಕಾದರೆ ಈ ಕರುಗಳಲ್ಲಿನ ಹೆಣ್ಣುಗಳು ಚೆನ್ನಾಗಿ ಬೆಳೆದು ಮುಂದಿನ ಬೇಸಿಗೆಗೆ ಹೋರಿಗೆ ಸಿದ್ಧವಾಗಬೇಕು. ಇಲ್ಲವಾದರೆ ಮಿಲೋ ಎರಡನೇ ಸಲ ಸತ್ತ ಹಾಗೆ.

ದಾರಿ ಎದುರಿಗೇ ಇತ್ತು. ಡೆಲ್ಲಾಳ ಹಾಗೆ ಬೇಗ ಹಾಲು ಬಿಡಿಸುವುದು. ಕರುಗಳಿಗೆ ಏನು ಹಾಕಬೇಕೆಂದು ಡೆಲ್ಲಾಳನ್ನು ಕೇಳಿದರಾಯಿತು.

ಕೇಳುವುದೇ? ಆ ಸೀಮೆಯಲ್ಲಿ "ನಿಮ್ಮಲ್ಲಿ ಎಷ್ಟು ದನ ಇವೆ" ಎಂದು ಕೇಳುವುದು ಬ್ಯಾಂಕಿನ ಪಾಸ್‌ಬುಕ್ ತೋರಿಸಿ ಎಂದ ಹಾಗೆ. "ಏನು ತಿನ್ನಿಸ್ತೀರಿ" ಎಂದು ಕೇಳುವುದು ಅದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ತಿಳಿಯಬೇಕೆಂದವನು ಬೇಲಿಗೆ ಮೊಣಕೈ ಊರಿ, "ಈ ಸಲ ಹುಲ್ಲು ಚೆನ್ನಾಗಿದೆ" ಎಂದು ಶುರುಮಾಡಿ, ಎದುರಿನವನು ತಾನಾಗಿ ಬಾಯಿಬಿಡುವ ತನಕ ಕಾಯಬೇಕು. ಕೇಳದೆ ಬುದ್ಧಿ ಹೇಳುವುದಂತೂ ಇನ್ನೂ ದೊಡ್ಡ ಅವಮಾನ. ಹೀಗಾಗಿ ಅಲ್ಲಿ ಹುಲ್ಲಿನ ಬಗ್ಗೆ ನಡೆಯುವಷ್ಟು ಮಾತು ಬೇರೆ ಯಾವುದರ ಬಗ್ಗೆಯೂ ನಡೆಯುವುದಿಲ್ಲ. ಲಿಯೋನಾಳಿಗೆ ತಂಗಿಯ ಬೇಲಿಗೆ ಮೊಣಕೈ ಊರುವುದಕ್ಕಿಂತ ಮುಳ್ಳುತಂತಿಗೆ ಕೆನ್ನೆ ಊರುವುದು ಸುಲಭ.

ಆದ್ದರಿಂದ ಒಂದು ಭಾನುವಾರ ಡೆಲ್ಲಾ ಪೂಜೆಯಲ್ಲಿ ಗಾಯನ ತಂಡದ ಜೊತೆ ನಿಂತು ದೇವರನ್ನು ಸ್ತುತಿಸುತ್ತಿದ್ದಾಗ, ತಲೆನೋವಿನ ನೆಪ ಹೇಳಿ ಮನೆಯಲ್ಲುಳಿದ ಅಕ್ಕ ಅವಳ ದೊಡ್ಡಿಯ ಗೋದಲಿಯ ಮುಂದೆ ಮಂಡಿಯೂರಿದ್ದಳು. ಗೋದಲಿಯ ಮುಂದೆ ಮಂಡಿಯೂರುವುದು ಧರ್ಮದ ಕೆಲಸವೇ. ಆದರೆ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮಾತ್ರ. ಕರುಗಳು ತಿಂದು ಬಿಟ್ಟದ್ದನ್ನು ಒಂದು ಹಿಡಿ ಬಾಚಿ, ಮೂಸಿ, ಬಾಯಿಗೆ ಹಾಕಿಕೊಂಡು ಅಗಿದಳು. ಮುರಿದ ಜೋಳ. ಕಾಕಂಬಿಯ ಸಿಹಿ. ಸಣ್ಣಗೆ ಕತ್ತರಿಸಿದ ಚೂರು ಒಣಹುಲ್ಲು, ಅದೂ ಲೆಕ್ಕ ಹಾಕಿ ಹಾಕಿದಷ್ಟು. ಮತ್ತೆ ಹುರಿದ ವಾಸನೆಯ ಏನೋ ಒಂದು ಕಂದು ಪುಡಿ. "ಪ್ರೋಟೀನ್!" ಎಂದು ಲಿಯೋನಾ ತುಂಬಿದ ಬಾಯಲ್ಲೇ ಉದ್ಗರಿಸಿದಳು. ಒಂದು ಕರು ಹಿಂದಿನಿಂದ ಬಂದು ಅವಳ ಅಂಗಿಯ ಜೇಬು ನೆಕ್ಕಿತು. "ಥೂ, ನಿನ್ನ ಯಜಮಾನಿ ಜಿಪುಣಿ ಕಣೋ. ಹುಲ್ಲನ್ನೂ ಉಪ್ಪಿನ ಹಾಗೆ ಉದುರಿಸ್ತಾಳೆ" ಎಂದು ಅದಕ್ಕೆ ಹೇಳಿ, ಎದ್ದು ಮಂಡಿ ಕೊಡವಿಕೊಂಡಳು.

ಮರುದಿನ ಪೇಟೆಯ ಮೇವಿನಂಗಡಿಗೆ ಹೋದಳು. ಗಲ್ಲೆಯಲ್ಲಿ ಗಾರ್ಲೆಂಡ್ ಇದ್ದ. ಒಳ್ಳೆಯವನು. ಅವನ ಹೆಂಡತಿ ಗಾಯನ ತಂಡದಲ್ಲಿ ಡೆಲ್ಲಾಳ ಪಕ್ಕದಲ್ಲೇ ನಿಲ್ಲುತ್ತಿದ್ದಳು ಎಂಬುದಷ್ಟೇ ಅವನ ದೋಷ.

"ಏನು ಕೊಡ್ಲಿ, ಮಿಸೆಸ್ ಪೊಕೋರ್ನಿ?"

"ಪ್ರೋಟೀನ್."

"ಯಾರಿಗೆ? ಹಸುಗಳಿಗಾ, ಕರುಗಳಿಗಾ?"

ಕರುಗಳಿಗೆ ಎಂದರೆ ಮುಂದಿನ ಭಾನುವಾರದ ಎರಡನೇ ಸ್ತುತಿಗೀತೆಯ ಹೊತ್ತಿಗೆ ಸುದ್ದಿ ಡೆಲ್ಲಾಳ ಕಿವಿಯಲ್ಲಿ. ಅಕ್ಕ ತಂಗಿಯನ್ನು ನೋಡಿ ಕಲಿತಳು ಎಂದು ಇಡೀ ಊರು ರಾಗ ಎಳೆಯುತ್ತದೆ.

"ಹಸುಗಳಿಗೆ," ಎಂದಳು ಲಿಯೋನಾ.

"ಈ ಬೇಸಿಗೇಲಾ?"

"ನನ್ನ ಹಸು, ನನ್ನ ಬೇಸಿಗೆ."

ಗಾರ್ಲೆಂಡ್ ಹೆಗಲು ಕುಣಿಸಿ, ಚಳಿಗಾಲದಲ್ಲಿ ದೊಡ್ಡ ಹಸುಗಳಿಗೆ ಹಾಕುವ ಗುಳಿಗೆಯ ಚೀಲಗಳನ್ನು ಗಾಡಿಗೆ ಏರಿಸಿದ. ಪ್ರೋಟೀನ್ ಅಂದರೆ ಪ್ರೋಟೀನ್. ಹಸುವಿಗೆ ಆದದ್ದು ಅದರ ಹೊಟ್ಟೆಯಲ್ಲೇ ಹುಟ್ಟಿದ ಕರುವಿಗೆ ಆಗದೆ ಇರುತ್ತದೆಯೇ? ಲಿಯೋನಾ ಗುಳಿಗೆಗಳನ್ನು ಪುಡಿ ಮಾಡಿದಳು, ಜೋಳದ ಜೊತೆ ಕಲಸಿದಳು. ತಂಗಿಯ ಜಿಪುಣತನಕ್ಕೆ ಉತ್ತರವಾಗಿ ಒಣಹುಲ್ಲನ್ನು ಮಾತ್ರ ಧಾರಾಳವಾಗಿ ತುಂಬಿದಳು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ಈ ನರಿ ಇನ್ನೂ ಎರಡು ಬರೆ ಜಾಸ್ತಿಯೇ ಎಳೆದುಕೊಂಡಿತು.

ಬೇರ್ಪಡಿಸಿದ ಮೊದಲ ದಿನಗಳಲ್ಲಿ ತಾಯಂದಿರು ಬೇಲಿಯ ಆಚೆ, ಕರುಗಳು ಈಚೆ ನಿಂತು ಗಂಟಲು ಹರಿದುಹೋಗುವಂತೆ ಕೂಗಿದವು. ಆಮೇಲೆ ಸುಮ್ಮನಾದವು. ತಾಯಂದಿರು ನಿಜಕ್ಕೂ ಮೈ ತುಂಬಿಕೊಳ್ಳತೊಡಗಿದವು. ಕರುಗಳೂ ಉಬ್ಬತೊಡಗಿದವು. ಉಬ್ಬಿದ್ದು ಮಾತ್ರ ಒಂದೇ ಕಡೆ. ಆಗಸ್ಟ್ ಬರುವ ಹೊತ್ತಿಗೆ ಒಂದೊಂದೂ ಡೊಳ್ಳು ಕಟ್ಟಿಕೊಂಡ ಹಾಗೆ ಓಡಾಡುತ್ತಿತ್ತು. ಹೊಟ್ಟೆ ಮುಂದೆ, ಕರು ಹಿಂದೆ. ಮೈಕೂದಲು ಒರಟಾಗಿ ನಿಮಿರಿ ನಿಂತಿತ್ತು. "ದುಂಡಗಾಗ್ತಿವೆ" ಎಂದು ಲಿಯೋನಾ ತನಗೆ ತಾನೇ ಹೇಳಿಕೊಂಡಳು. ಹೊಟ್ಟೆಕಿಚ್ಚಿನ ಹೊಗೆ ಕಣ್ಣಿಗೆ ತುಂಬಿದಾಗ ಡೊಳ್ಳೂ ದುಂಡಗೇ ಕಾಣುತ್ತದೆ.

ಕರುಗಳಿಗೆ ಎರಡನೇ ಸುತ್ತಿನ ಚುಚ್ಚುಮದ್ದಿಗೆ ವಾಡಿಕೆಯಂತೆ ಡೆಲ್ಲಾ ಕೈಗವಸು ಹಾಕಿಕೊಂಡು ಸಹಾಯಕ್ಕೆ ಬಂದಳು. ದೊಡ್ಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಕರುಗಳನ್ನು ನೋಡಿದಳು, ಗೋದಲಿಯನ್ನು ನೋಡಿದಳು, ಆಮೇಲೆ ಆಕಾಶ ನೋಡಿದಳು.

"ಹೊಟ್ಟೆ ಬಂದಿದೆ," ಎಂದಳು ಮೆಲ್ಲಗೆ.

"ಹ್ಞೂ ಮತ್ತೆ. ನಮ್ಮಲ್ಲಿ ಹೊಟ್ಟೆ ತುಂಬ ಹಾಕ್ತೀವಿ."

ಡೆಲ್ಲಾ ತುಟಿ ಕಚ್ಚಿಕೊಂಡಳು. ಕೆಲಸ ಮುಗಿಯುವವರೆಗೂ ಹುಲ್ಲಿನ ಬಗ್ಗೆ, ಮೋಡದ ಬಗ್ಗೆ, ಇರ್ವಿನನ ಸೊಂಟನೋವಿನ ಬಗ್ಗೆ ಮಾತಾಡಿದಳು. ಹೋಗುವಾಗ ಗಾಡಿಯ ಕಿಟಕಿ ಇಳಿಸಿ, "ಏನಾದ್ರೂ ಬೇಕಿದ್ರೆ ಕೇಳು, ಲೀ," ಎಂದಳು.

'ಕೇಳು ಅಂತೆ! ಕೇಳು ಅಂತೆ!' ಎಂದು ಲಿಯೋನಾ ಆ ಮಾತನ್ನು ವಾರಗಟ್ಟಲೆ ಅಗಿದಳು. ಕರುಗಳು ಮೇವನ್ನು ಅಷ್ಟು ಚೆನ್ನಾಗಿ ಅಗಿದಿದ್ದರೂ ಸಾಕಿತ್ತು.

ಕಣ್ಣು ತೆರೆಸಿದ್ದು ಮೋಟುಕಿವಿ. ಮಾರ್ಚಿನ ಹಿಮದಲ್ಲಿ ಹುಟ್ಟಿ, ಕಿವಿಯ ತುದಿಗಳು ಹೆಪ್ಪುಗಟ್ಟಿ ಉದುರಿಹೋಗಿದ್ದ ಹೆಣ್ಣುಗರು. ಲಿಬ್ಬಿಯ ಮೊಮ್ಮಗಳ ಮಗಳು. ಮಿಲೋ ಇದ್ದಿದ್ದರೆ ಮೊದಲು ಎತ್ತಿಕೊಳ್ಳುತ್ತಿದ್ದದ್ದು ಅದನ್ನೇ. ಆ ಬೆಳಿಗ್ಗೆ ಮೇವು ಹಾಕಿದಾಗ ಉಳಿದವೆಲ್ಲ ನುಗ್ಗಿದರೂ ಅದು ಹಿಂದೆಯೇ ನಿಂತಿತ್ತು. ಲಿಯೋನಾ ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟು ದೊಡ್ಡ ಹೊಟ್ಟೆಯ ಮೇಲೆ ಬೆನ್ನುಮೂಳೆ ಗರಗಸದ ಹಾಗೆ ಚುಚ್ಚಿತು. ಆಮೇಲೆ ಗಾಡಿ ಹತ್ತಿದಳು. ಆ ದಿನ ತಂಗಿಯ ದೊಡ್ಡಿಯ ಮುಂದೆ ಗಾಡಿ ಎರಡನೇ ಗೇರಿಗೆ ಇಳಿಯಲಿಲ್ಲ. ನೇರ ಅಂಗಳಕ್ಕೇ ನುಗ್ಗಿತು.

ಡೆಲ್ಲಾ ಅಡುಗೆಮನೆಯಲ್ಲಿ ಗಸಗಸೆ ತುಂಬಿದ ಕೊಲಾಚೆ ಬನ್ನುಗಳನ್ನು ಒಲೆಯಿಂದ ಇಳಿಸುತ್ತಿದ್ದಳು. ಅಮ್ಮನ ಕೈಯ ಕೊಲಾಚೆ. ಲಿಯೋನಾ ಮಾಡಿದರೆ ಗುಂಡುಕಲ್ಲು, ಡೆಲ್ಲಾ ಮಾಡಿದರೆ ಮೋಡ. ಬಂದ ಕೆಲಸದ ನಡುವೆಯೂ ಲಿಯೋನಾ ಅದಕ್ಕೊಂದು ಸಲ ಕರುಬಿದಳು.

"ಬಾರೇ. ಕಾಫಿ?"

"ಕಾಫಿ ಕುಡಿಯೋಕೆ ಬಂದಿಲ್ಲ."

"ಸರಿ, ಹಾಗಾದ್ರೆ ನಿಂತ್ಕೊಂಡೇ ಕುಡಿ."

ಲಿಯೋನಾ ಲೋಟ ಹಿಡಿದು ನಿಂತಳು. ಗಂಟಲು ಸರಿಮಾಡಿಕೊಂಡಳು. "ಈ ಸಲ ಹುಲ್ಲು ಚೆನ್ನಾಗಿದೆ," ಎಂದಳು.

"ಅಡುಗೆಮನೇಲಿ ಹುಲ್ಲು ಎಲ್ಲಿ ಬಂತೇ?"

"ಡೆಲ್ಲಾ." ಲಿಯೋನಾಳ ಮುಖ ಬೀಟ್‌ರೂಟಿನ ಹಾಗಾಯಿತು. "ನಿನ್ನ ಕರುಗಳಿಗೆ ಏನು ಹಾಕ್ತೀಯೇ?"

ಡೆಲ್ಲಾ ತಟ್ಟೆ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕೂತಳು. "ಅಬ್ಬ ನನ್ನ ದೇವರೇ! ಮೂರು ವಾರದಿಂದ ಈ ಮಾತಿಗೆ ಕಾಯ್ತಾ ನಾನು ನಿದ್ದೆ ಮಾಡಿಲ್ಲ. ಕೂತ್ಕೋ. ನೀನು ಹಸು ಗುಳಿಗೆ ಹಾಕ್ತಿದ್ದೀಯ."

"ಅದರಲ್ಲೂ ಪ್ರೋಟೀನ್ ಇದೆ. ಬೇಕಾದಷ್ಟಿದೆ."

"ಲೆಕ್ಕಕ್ಕಿದೆ, ಹೊಟ್ಟೆಗಿಲ್ಲ. ಅದರಲ್ಲಿ ಒಂದು ಪಾಲು ಯೂರಿಯಾ ಕಣೆ. ಬಲಿತ ಹಸು ಯೂರಿಯಾ ತಿಂದ್ರೂ ಹೊಟ್ಟೆಯೊಳಗೇ ಅದನ್ನ ಪ್ರೋಟೀನ್ ಮಾಡ್ಕೊಳ್ಳುತ್ತೆ. ಎಳೆಗರುವಿನ ಹೊಟ್ಟೆಗೆ ಇನ್ನೂ ಆ ವಿದ್ಯೆ ಅಷ್ಟಾಗಿ ಬಂದಿಲ್ಲ. ಅದಕ್ಕೆ ಅಸಲಿ ಪ್ರೋಟೀನೇ ಬೇಕು. ಸೋಯಾ ಹಿಂಡಿ ಹಾಕು."

"ಆ ಹುರಿದ ವಾಸನೆ," ಎಂದುಬಿಟ್ಟಳು ಲಿಯೋನಾ.

"ಯಾವ ವಾಸನೆ? ನೀನು ಯಾವಾಗ ಮೂಸಿದೆ?"

"ಗಾಳಿಗೆ ಬಂತು. ಮುಂದೆ ಹೇಳು."

"ಮುಂದೆ ನಿನ್ನ ಹುಲ್ಲು. ಅಮ್ಮನ ಹಾಲು ಬಿಟ್ಟ ಕರು ದಿನಕ್ಕೆ ತಿನ್ನೋದೇ ಇಷ್ಟು." ಡೆಲ್ಲಾ ಎರಡು ಬೊಗಸೆ ತೋರಿಸಿದಳು. "ಆ ಇಷ್ಟರಲ್ಲೇ ಎಲ್ಲಾ ಸಿಗಬೇಕು. ದೊಡ್ಡ ದನ ರಾಶಿ ತಿನ್ನುತ್ತೆ, ತೆಳ್ಳಗಿನ ಮೇವಾದ್ರೂ ನಡೆಯುತ್ತೆ. ಇದು ಕಮ್ಮಿ ತಿನ್ನುತ್ತೆ, ಅದಕ್ಕೆ ಗಟ್ಟಿಯಾಗಿರಬೇಕು. ಮದುವೆ ಊಟದಲ್ಲಿ ಮೊದಲೇ ಬ್ರೆಡ್ ತುಂಬಿಸ್ಕೊಂಡ್ರೆ ಬಾತುಕೋಳಿ ಮಾಂಸಕ್ಕೆ ಜಾಗ ಎಲ್ಲಿ? ನೀನು ನಿನ್ನ ಕರುಗಳಿಗೆ ಬರೀ ಬ್ರೆಡ್ ಬಡಿಸ್ತಿದ್ದೀಯ."

"ನೋಡಿದ ದಿನವೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?"

"ಕೇಳದೇ ಹೇಳಿದ್ದಿದ್ರೆ ಆ ಸೂಜೀನ ನನಗೇ ಚುಚ್ತಿದ್ದೆ ನೀನು." ಡೆಲ್ಲಾ ಒಂದು ಕೊಲಾಚೆ ಅಕ್ಕನ ಕಡೆ ತಳ್ಳಿದಳು. "ಮತ್ತೆ... ನಾನೂ ಇದನ್ನ ಕೆಟ್ಟೇ ಕಲಿತದ್ದು. ನನ್ನ ಮೊದಲನೇ ವರ್ಷದ ಕರುಗಳನ್ನ ನೀನು ನೋಡಿಲ್ಲ."

"ಮೊದಲನೇ ವರ್ಷ ಅಂದ್ರೆ ಹೋದ ವರ್ಷ. ನೋಡಿದೀನಿ. ದಿನಾ ನೋಡಿದೀನಿ."

"ಅದರ ಹಿಂದಿನ ವರ್ಷ. ನಿನ್ನವಕ್ಕಿಂತ ದೊಡ್ಡ ಡೊಳ್ಳು. ಎರಡು ಸತ್ತೇ ಹೋದವು. ಸೀಡರ್ ಮರದ ಸಾಲಿನ ಹಿಂದೆ ಬಚ್ಚಿಟ್ಟಿದ್ದೆ. ರಸ್ತೇಲಿ ಎರಡನೇ ಗೇರಲ್ಲಿ ಹೋಗೋರಿಗೆ ಕಾಣಬಾರದು ಅಂತ."

ಒಬ್ಬ ಒಳ್ಳೆಯ ಅಕ್ಕ ಇಲ್ಲಿ ತಂಗಿಯ ಕೈ ಹಿಡಿಯಬೇಕಿತ್ತು. ಲಿಯೋನಾಳಿಗೂ ಕೈ ಹಿಡಿಯಬೇಕೆಂದು ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಒಳಗೆ ಬಂದು ಕೂತಿತು. ಡೊಳ್ಳುಹೊಟ್ಟೆಯ ಕರುಗಳನ್ನು ಕೂಡ ಇವಳು ತನಗಿಂತ ಚೆನ್ನಾಗಿ ಬಚ್ಚಿಟ್ಟಿದ್ದಳಲ್ಲ! ದಿನಾ ಆ ದಾರಿಯಲ್ಲಿ ಹೋದ ತನ್ನ ಕಣ್ಣಿಗೇ ಬೀಳದ ಹಾಗೆ! ಸೋಲನ್ನೂ ಇವಳ ಹಾಗೆ ನಾಜೂಕಾಗಿ ಸೋಲಲು ತನಗೆ ಬರುವುದಿಲ್ಲ. ಕೊಲಾಚೆಯನ್ನು ಬಾಯಿಗೆ ಹಾಕಿಕೊಂಡಳು. ಅದೂ ಮೋಡದ ಹಾಗೇ ಇತ್ತು, ದರಿದ್ರದ್ದು.

ಮರುದಿನ ಗಾರ್ಲೆಂಡನ ಅಂಗಡಿ.

"ಸೋಯಾ ಹಿಂಡಿ. ಕರುಗಳಿಗೆ."

"ಅಯ್ಯೋ ಮಿಸೆಸ್ ಪೊಕೋರ್ನಿ, ಆವತ್ತೇ ಕರುಗಳಿಗೆ ಅಂದಿದ್ರೆ ಇದನ್ನೇ ಕೊಡ್ತಿದ್ದೆನಲ್ಲ!"

"ಆವತ್ತೇ ಅಂದಿದ್ರೆ ನಿನ್ನ ಹೆಂಡತಿಗೆ ಹಾಡೋಕೆ ಇನ್ನೊಂದು ಹಾಡು ಸಿಕ್ತಿತ್ತು. ಚೀಲ ಎತ್ತು."

ಹುಲ್ಲು ಕಮ್ಮಿಯಾಯಿತು, ಹಿಂಡಿ ಬಂತು, ಮೇಲೊಂದಿಷ್ಟು ಕಾಕಂಬಿ ಬಿತ್ತು. ಮೊದಲು ಕರುಗಳ ಕಣ್ಣು ಬದಲಾಯಿತು, ಆಮೇಲೆ ಕೂದಲು. ಹೊಟ್ಟೆ ನಿಧಾನವಾಗಿ ಮೇಲಕ್ಕೆ ಸರಿದು ತನ್ನ ಜಾಗಕ್ಕೆ ಹೋಯಿತು, ಬೆನ್ನು ಅಗಲವಾಗತೊಡಗಿತು. ಎಲ್ಲವೂ ಒಂದೇ ಸಮ ಏಳಲಿಲ್ಲ. ಎಳೆತನದಲ್ಲಿ ಕಳೆದ ಆ ವಾರಗಳನ್ನು ಕೆಲವು ಕರುಗಳು ಹಿಂದಕ್ಕೆ ಗಳಿಸಿದವು, ಕೆಲವು ಗಳಿಸಲಿಲ್ಲ. ಡೆಲ್ಲಾಳವು? ಅವು ಅಷ್ಟರಲ್ಲಿ ಇನ್ನೂ ಮುಂದೆ ಹೋಗಿದ್ದವು. ಲಿಯೋನಾ ಈಗ ಅವನ್ನು ನೋಡಲು ಗಾಡಿಯನ್ನು ನಿಲ್ಲಿಸಿಯೇ ನೋಡುತ್ತಿದ್ದಳು. ಕಾರಣ ಸಮೇತ ಅಸೂಯೆಪಡುವುದರಲ್ಲಿ ಒಂದು ನೆಮ್ಮದಿಯಿತ್ತು.

ಅಕ್ಟೋಬರಿನಲ್ಲಿ ಆರಿಸುವ ದಿನ ಬಂತು. ಹೆಣ್ಣುಗರುಗಳಲ್ಲಿ ಯಾವುವನ್ನು ಸಾಲಿಗೆಂದು ಇಟ್ಟುಕೊಳ್ಳುವುದು, ಯಾವುವನ್ನು ಸಂತೆಗೆ ಕಳಿಸುವುದು ಎಂಬ ತೀರ್ಮಾನ. ಒಬ್ಬರು ಕರುಗಳನ್ನು ಒಂದೊಂದಾಗಿ ಬೇಲಿಗಳ ನಡುವಿನ ಓಣಿಗೆ ಬಿಡುತ್ತ "ಒಳಗೆ" ಅಥವಾ "ಹೊರಗೆ" ಎಂದು ಕೂಗಬೇಕು. ಇನ್ನೊಬ್ಬರು ಓಣಿಯ ಕೊನೆಯ ಗೇಟು ತಿರುಗಿಸಬೇಕು. ಕೂಗುವವರ ಕಣ್ಣೇ ಕಣ್ಣು, ಗೇಟಿನವರು ಬರೀ ಕೈ. ಮಿಲೋ ಇರುವತನಕ ಕೂಗುತ್ತಿದ್ದದ್ದು ಮಿಲೋ. ಈಗ ಲಿಯೋನಾ ತಾನಾಗಿ ಹೋಗಿ ಗೇಟು ಹಿಡಿದಳು.

"ನೀನೇ ಕೂಗು," ಎಂದಳು ತಂಗಿಗೆ. "ನನ್ನ ಕಣ್ಣಿಗೆ ಎಲ್ಲವೂ ಮಿಲೋನ ಹಾಗೇ ಕಾಣ್ತವೆ."

ಡೆಲ್ಲಾ ಓಣಿಯ ತಲೆಗೆ ಹೋದಳು. ಕೂಗತೊಡಗಿದಳು. ಅಸಾಧ್ಯ ಕಣ್ಣು ಅವಳದು, ಕರು ಎರಡು ಹೆಜ್ಜೆ ಇಡುವಷ್ಟರಲ್ಲಿ ತೀರ್ಪು. "ಒಳಗೆ. ಒಳಗೆ. ಹೊರಗೆ. ಇದರ ಕಾಲು ನೋಡು ಎಷ್ಟು ಚೆನ್ನಾಗಿದೆ, ಒಳಗೆ." ಒಂದು ಕರುವನ್ನೂ ತಪ್ಪು ಕಡೆ ಕಳಿಸಲಿಲ್ಲ. ಒಂದಾದರೂ ತಪ್ಪಲಿ ಎಂದು ಲಿಯೋನಾ ಕಾದೇ ಕಾದಳು. ಒಳಗಿನ ದೊಡ್ಡಿಯಲ್ಲಿ ಕಪ್ಪುಗೆಂಪು ಬೆನ್ನುಗಳು ಒಂದಕ್ಕೊಂದು ಒತ್ತಿಕೊಂಡು ನಿಂತವು. ಹೆಚ್ಚಲ್ಲ. ಆದರೆ ಸಾಲು ಎಂದು ಕರೆಯಲು ಸಾಕಾಗುವಷ್ಟಿದ್ದವು.

ಆಗ ಮೋಟುಕಿವಿ ಓಣಿಗೆ ಬಂತು. ಹೊಟ್ಟೆ ಇಳಿದಿತ್ತು, ಮೈ ಹೊಳೆಯುತ್ತಿತ್ತು. ಬೆಳೆದಿರಲಿಲ್ಲ, ಅಷ್ಟೇ. ಉಳಿದವುಗಳ ಭುಜಕ್ಕೆ ಅದರ ಬೆನ್ನು. ಬರುವ ಬೇಸಿಗೆಗಿರಲಿ, ಅದರಾಚೆಯ ಬೇಸಿಗೆಗೂ ಅದು ಹೋರಿಗೆ ಸಿದ್ಧವಾಗುವ ಹಾಗಿರಲಿಲ್ಲ.

ಮೊದಲ ಬಾರಿಗೆ ಡೆಲ್ಲಾ ಕೂಗಲಿಲ್ಲ. ಕರುವನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅವಳ ಮುಖ ಮೆತ್ತಗಾಯಿತು. ಬಾಯಿ ತೆರೆಯಿತು.

"ಹೊರಗೆ!" ಎಂದು ಕೂಗಿ ಲಿಯೋನಾ ತಾನೇ ಗೇಟು ಬೀಸಿದಳು. ಮೋಟುಕಿವಿ ಸಂತೆಯ ಕಡೆಯ ದೊಡ್ಡಿಗೆ ಹಾರಿ ಹೋಗಿ, ಅಲ್ಲಿನ ಗೋದಲಿಗೆ ಮೂತಿ ಹಾಕಿತು.

"ನಾನು ಅದನ್ನ ಒಳಗೆ ಅನ್ನೋಣ ಅಂತಿದ್ದೆ ಕಣೆ," ಎಂದಳು ಡೆಲ್ಲಾ. "ಒಂದೇ ಒಂದು ತಾನೇ. ಮಿಲೋಗೋಸ್ಕರ."

"ಗೊತ್ತು ನನಗೆ. ನೀನು ತಪ್ಪು ಕೂಗಬಾರದು ಅಂತಲೇ ನಾನು ಮೊದಲು ಕೂಗಿದ್ದು."

ಡೆಲ್ಲಾ ಓಣಿಯ ಕಂಬಕ್ಕೆ ಒರಗಿ ಅಕ್ಕನನ್ನೇ ನೋಡುತ್ತ ನಿಂತಳು. ಲಿಯೋನಾ ಗೇಟಿನ ಅಗುಳಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಜಡಿದು, ತೋಳಿನಿಂದ ಮೂಗು ಒರೆಸಿಕೊಂಡಳು.

"ಏನು ನೋಡ್ತೀಯ? ಮುಂದಿನದನ್ನ ಬಿಡೇ, ಹೊತ್ತಾಯ್ತು."